ಪೈಲಟ್ ಆಗಲು ಕನ್ನಡಕ ಅಡ್ಡಿಯೇ?

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ಮೇಲೆ ಪ್ರತಿವರ್ಷವೂ ಗೋಣಿಕೊಪ್ಪಲು, ವಿರಾಜಪೇಟೆ ಕಡೆಯ ಒಂದಿಬ್ಬರು ಪೋಷಕರು ನನ್ನ ಬಳಿ ಬಂದು, ಮಗನಿಗೋ ಮಗಳಿಗೋ ಪೈಲಟ್ ಆಗುವ ಆಸೆಯಿದೆ, ಆದರೆ ಕನ್ನಡಕ ಬಂದುಬಿಟ್ಟಿದೆಯಲ್ಲ ಎಂದು ಪೇಚಾಡುತ್ತಾರೆ. 1965ರ ಯುದ್ಧದಲ್ಲಿ ಹೋರಾಡಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕೊಡಗು ಜಿಲ್ಲೆಯಲ್ಲಿ ವಿಮಾನವೆಂದರೆ ಮೊದಲು ನೆನಪಾಗುವುದು ವಾಯುಪಡೆ. ಅಲ್ಲಿನ ಹಾರಾಟ ವಿಭಾಗದ ದೃಷ್ಟಿ ನಿಯಮಗಳು ಬಹಳ ಬಿಗಿಯಾಗಿರುವುದರಿಂದ, ಪ್ರಯಾಣಿಕರ ವಿಮಾನ ನಡೆಸುವವರಿಗೂ ಅದೇ ಅಳತೆಗೋಲು ಎಂಬ ತಪ್ಪು ತಿಳಿವಳಿಕೆ ಬೇರೂರಿದೆ. ನನ್ನ ಅಕ್ಕನ ಮಗ ಇದನ್ನೇ ನಂಬಿ, ಅರ್ಜಿಯನ್ನೂ ಹಾಕದೆ ಬಿ.ಕಾಂ. ಸೇರಿದ.

ವಾಣಿಜ್ಯ ಪೈಲಟ್ ಪರವಾನಗಿಗೆ ಕ್ಲಾಸ್ ಒನ್ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದಕ್ಕೆ ಒಂದೊಂದು ಕಣ್ಣಿಗೂ ಪ್ರತ್ಯೇಕವಾಗಿ 6/9, ಎರಡೂ ಕಣ್ಣು ಸೇರಿ 6/6 ದೃಷ್ಟಿ ಇರಬೇಕು; ಕನ್ನಡಕ ಹಾಕಿಕೊಂಡು ಇಷ್ಟು ಬಂದರೂ ಸಾಕು. ಸಹಜ ದೃಷ್ಟಿಯವರು 9 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿನಿಂದಾದರೂ ಓದಬಲ್ಲೆ ಎಂಬುದೇ 6/9ರ ಅರ್ಥ. ಹಾರಾಟದ ವೇಳೆ ಕನ್ನಡಕ ಧರಿಸಿರಬೇಕು, ಇನ್ನೊಂದು ಜೊತೆ ಕೈಗೆಟಕುವಂತೆ ಇಟ್ಟುಕೊಂಡಿರಬೇಕು ಎಂಬ ಷರತ್ತು ಮಾತ್ರ ಇರುತ್ತದೆ.

ನಿಜವಾಗಿ ಮೊದಲೇ ನೋಡಿಕೊಳ್ಳಬೇಕಾದದ್ದು ಬಣ್ಣದ ದೃಷ್ಟಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರದ ಅಕ್ಷರ ನಿಚ್ಚಳವಾಗಿ ಕಾಣುತ್ತಿತ್ತು. ಆದರೆ ಕಾಫಿ ಕುಯ್ಲಿನಲ್ಲಿ ಅವನ ಬುಟ್ಟಿಗೆ ಹಣ್ಣಿನ ಜೊತೆ ಹಸಿರು ಕಾಯಿಯೂ ಬೀಳುತ್ತಿತ್ತು. ಬೆರಳಲ್ಲಿ ಹಿಚುಕಿ ನೋಡದೆ ಅವನಿಗೆ ಹಣ್ಣು ಗೊತ್ತಾಗುತ್ತಿರಲಿಲ್ಲ, ಅಪ್ಪ ಅದನ್ನು ಸೋಮಾರಿತನವೆಂದು ಬೈಯುತ್ತಿದ್ದರು. ತರಬೇತಿ ಶಾಲೆಯೊಂದು ಮುಂಗಡ ಕಟ್ಟಿಸಿಕೊಂಡ ಮೇಲೆಯೇ ಅವನನ್ನು ವೈದ್ಯಕೀಯ ಪರೀಕ್ಷೆಗೆ ಕಳಿಸಿತು. ಚುಕ್ಕಿಗಳೊಳಗೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕದಲ್ಲಿ, ಎಲ್ಲರಿಗೂ ಕಾಣುವ ಮೊದಲ ಹಾಳೆಯ 12 ಅವನಿಗೂ ಕಂಡಿತು. ಮುಂದಿನ ಹಾಳೆಗಳಲ್ಲಿ ಹೆಚ್ಚಿನವು ಬರಿಯ ಚುಕ್ಕಿಗಳಾಗಿಯೇ ಉಳಿದವು. ಮುಂಗಡ ಹಿಂತಿರುಗಲಿಲ್ಲ.

ನಿಯಮ ಕಠೋರವೆಂದು ನಾನು ದೂರುತ್ತಿಲ್ಲ. ರನ್‌ವೇ ಪಕ್ಕದ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಕೋನ ಸರಿಯೆಂದೂ, ನಾಲ್ಕೂ ಕೆಂಪಾದರೆ ವಿಮಾನ ತೀರ ಕೆಳಗಿದೆಯೆಂದೂ ಅರ್ಥ. ರಾತ್ರಿ ಎದುರಿನ ವಿಮಾನ ಯಾವ ದಿಕ್ಕಿಗೆ ಸಾಗುತ್ತಿದೆಯೆಂಬುದೂ ಅದರ ಎಡರೆಕ್ಕೆಯ ಕೆಂಪು, ಬಲರೆಕ್ಕೆಯ ಹಸಿರು ದೀಪಗಳಿಂದಲೇ ತಿಳಿಯಬೇಕು.

ಆದ್ದರಿಂದ ಪೋಷಕರು ತೋಟ ಅಡವಿಟ್ಟು ಶುಲ್ಕ ಕಟ್ಟುವ ಮೊದಲು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ವೈದ್ಯರಲ್ಲಿ ಮೊದಲ ಹಂತದ ಕ್ಲಾಸ್ ಟೂ ವೈದ್ಯಕೀಯ ಪರೀಕ್ಷೆ ಮಾಡಿಸಲಿ. ಕ್ಲಾಸ್ ಒನ್ ಪರೀಕ್ಷೆಗೂ ದೂರ ಹೋಗಬೇಕಿಲ್ಲ, ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೇ ಅದು ನಡೆಯುತ್ತದೆ. ನಮ್ಮ ಶಾಲೆಗಳ ಕಣ್ಣಿನ ತಪಾಸಣೆಯಲ್ಲಿ ಅಕ್ಷರಪಟ ಓದಿಸಿ ಮಕ್ಕಳನ್ನು ತರಗತಿಗೆ ಕಳಿಸಿಬಿಡುತ್ತಾರೆ. ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಎಂಟನೇ ತರಗತಿಯಿಂದಾದರೂ ಬಣ್ಣದ ಪರೀಕ್ಷೆಯನ್ನು ಅದರೊಂದಿಗೆ ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

— ನಿವೃತ್ತ ವಿಜ್ಞಾನ ಶಿಕ್ಷಕ, ಗೋಣಿಕೊಪ್ಪಲು