ಅವ್ವಾ, ರಜೆಗೆ ಬಂದಾಗ ಮಕ್ಕಳನ್ನ ಅಡುಗೆಮನೆಯಿಂದ ಓಡಿಸಬೇಡ

ಅವ್ವಾ,

ಫೋನಿನಲ್ಲೇ ಹೇಳೋಣ ಅಂತಿದ್ದೆ. ಆದರೆ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ಊಟ ಆಯ್ತಾ ಅಂತೀಯ, ಆಯ್ತು ಅಂದರೆ ಏನು ಸಾರು ಅಂತೀಯ, ಅಷ್ಟರಲ್ಲಿ ಅಪ್ಪಾಜಿ ಫೋನ್ ಕಸಿದುಕೊಂಡು ಅಲ್ಲಿ ಮಳೆ ಹೆಂಗಿದೆ ಅಂತ ಕೇಳುತ್ತಾರೆ. ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೆ ಈ ಪತ್ರ. ಅಕ್ಕ ಭಾನುವಾರ ಚಿತ್ರದುರ್ಗದಿಂದ ಬಂದಾಗ ಓದಿ ಹೇಳಲಿ. ಕನ್ನಡಕ ಸಿಕ್ಕಿದರೆ ನೀನೇ ಓದು, ಅವಳು ನಡುವೆ ತನ್ನದೂ ನಾಲ್ಕು ಮಾತು ಸೇರಿಸುತ್ತಾಳೆ.

ಏನು ಸಾರು ಅನ್ನೋದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಇವತ್ತು ಸಾರಿಲ್ಲ. ಇವತ್ತು ಬುಧವಾರ. ಬುಧವಾರದ ಅಡುಗೆ ನನ್ನದು ಮತ್ತು ಮಕ್ಕಳದು.

ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು ಶಾಲೆಗಳು ಬುಧವಾರ ಮಧ್ಯಾಹ್ನಕ್ಕೇ ಬಿಟ್ಟುಬಿಡುತ್ತವೆ. ನಾನು ಆವತ್ತು ಕೆಲಸಕ್ಕೆ ಹೋಗುವುದಿಲ್ಲ, ವಾರಕ್ಕೆ ನಾಲ್ಕೇ ದಿನ. ಇಲ್ಲಿ ಇದು ಮಾಮೂಲಿ, ಅದಕ್ಕೊಂದು ಹೆಸರೂ ಇದೆ, ಪಾಪಾದಾಖ್, ಅಂದರೆ ಅಪ್ಪನ ದಿನ. ಸಂಬಳ ಕಡಿಮೆ ಮಾಡಿಸಿಕೊಂಡು ಮನೇಲಿ ಕೂತಿದಾನೆ ಅಂತ ಅಪ್ಪಾಜಿ ಬೈಯುತ್ತಾರೆ, ಗೊತ್ತು. ಬೈಯಲಿ. ಇವಳಿಗೆ ಬುಧವಾರ ಆಫೀಸಿನಲ್ಲಿ ಜಾಸ್ತಿ ಕೆಲಸ, ಬರುವಾಗ ಆರು ಗಂಟೆ. ಅಷ್ಟರೊಳಗೆ ಮೇಜಿನ ಮೇಲೆ ಊಟ ಇರಬೇಕು. ಮೊದಲು ಮಾಡಿದ ಅಡುಗೆ ನೀನು ನೋಡಿದ್ದರೆ ಅತ್ತುಬಿಡುತ್ತಿದ್ದೆ.

ತಪ್ಪು ನಿನ್ನದೂ ಇದೆ ಬಿಡು. ಸಿಟ್ಟು ಮಾಡಿಕೊಳ್ಳಬೇಡ. ಅಕ್ಕನಿಗೆ ಹತ್ತು ವರ್ಷಕ್ಕೇ ರೊಟ್ಟಿ ಬಡಿಯೋದು ಕಲಿಸಿದೆ. ನಾನು ಒಳಗೆ ಬಂದರೆ ಗಂಡುಹುಡುಗನಿಗೆ ಒಲೆ ಹತ್ರ ಏನು ಕೆಲಸ, ಹೋಗಿ ಓದ್ಕೋ ಅಂತಿದ್ದೆ. ಮನೆ ಬಿಡುವಾಗ ನನಗೆ ಬರುತ್ತಿದ್ದ ಅಡುಗೆ ಅಂದರೆ ತೆಂಗಿನಕಾಯಿ ಒಡೆಯೋದು, ಅಷ್ಟೇ. ಇಲ್ಲಿಗೆ ಬಂದ ಮೊದಲ ವಾರ ಪೂರ್ತಿ ಬ್ರೆಡ್ಡು, ಬಾಳೆಹಣ್ಣು. ಎಂಟನೇ ದಿನ ಅನ್ನಕ್ಕೆ ನೀರೆಷ್ಟು ಅಂತ ಕೇಳಿದಾಗ ನೀನು "ಬೆರಳಿನ ಒಂದು ಗಣ್ಣು" ಅಂದೆ. ಯಾವ ಬೆರಳು ಅಂತ ಹೇಳಲಿಲ್ಲ.

ಇಲ್ಲಿನ ಮಕ್ಕಳ ಬೆಳಗಿನ ತಿಂಡಿ ಏನು ಗೊತ್ತಾ? ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಚಾಕಲೇಟಿನ ಸಣ್ಣ ಸಣ್ಣ ಕಡ್ಡಿ ಉದುರಿಸುತ್ತಾರೆ. ಅದರ ಹೆಸರಿನ ಅರ್ಥ ಆಲಿಕಲ್ಲು ಮಳೆ. ಚಿಕ್ಕವನು ಒಂದು ಕಾಲಕ್ಕೆ ಮೂರು ಹೊತ್ತೂ ಅದನ್ನೇ ಕೇಳುತ್ತಿದ್ದ. ಅನ್ನ ಸಾರು ಮುಂದಿಟ್ಟರೆ ಬಾಯಿ ಹೊಲಿದಂತೆ ಕೂರುತ್ತಿದ್ದ. ಆಗ ನೀನು ಫೋನಿನಲ್ಲಿ ಹೇಳಿದ್ದು ಕಥೆ ಹೇಳಿ ತುರುಕು ಅಂತ. ಟೀವಿ ಹಚ್ಚಿ ತಿನ್ನಿಸಿಯೂ ನೋಡಿದೆವು. ತಿನ್ನುತ್ತಿದ್ದ, ಆದರೆ ಏನು ತಿಂದೆ ಅಂತ ಅವನಿಗೇ ಗೊತ್ತಾಗುತ್ತಿರಲಿಲ್ಲ. ಮಕ್ಕಳ ತೂಕ ನೋಡುವ ನರ್ಸ್ ಒಂದು ಮಾತು ಹೇಳಿದರು. ಹೊಸ ರುಚಿ ಮಕ್ಕಳಿಗೆ ಒಂದೇ ಸಲಕ್ಕೆ ಹಿಡಿಸಲ್ಲ, ಹತ್ತು ಹದಿನೈದು ಸಲ ತಟ್ಟೆಗೆ ಬರಬೇಕು, ಒಂದು ಚಮಚ ಹಾಕಿ ಸುಮ್ನೆ ಇರಿ, ಬಲವಂತ ಬೇಡ ಅಂತ. ನಾವು ಎರಡು ಸಲ ಕೊಟ್ಟು ಇವನಿಗೆ ಇಷ್ಟ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು.

ಆದರೂ ಅವನನ್ನು ಊಟಕ್ಕೆ ಎಳೆದು ತಂದಿದ್ದು ನಮ್ಮ ಮಂಡಕ್ಕಿ.

ಇಲ್ಲಿ ಸುರಿನಾಮ್‌ನವರ ಒಂದು ಅಂಗಡಿ ಇದೆ. ಸುರಿನಾಮ್ ಅಂದರೆ ದಕ್ಷಿಣ ಅಮೆರಿಕದ ಒಂದು ದೇಶ, ಮೊದಲು ಇಲ್ಲಿಯವರ ಆಳ್ವಿಕೆಯಲ್ಲಿತ್ತು. 1873ರಿಂದ ಬ್ರಿಟಿಷರ ಕಾಲದಲ್ಲಿ ಬಿಹಾರ, ಯುಪಿ ಕಡೆಯಿಂದ ಕಬ್ಬಿನ ತೋಟದ ಕೂಲಿಗೆ ಅಂತ ಸುರಿನಾಮ್‌ಗೆ ಹಡಗಿನಲ್ಲಿ ಹೋದವರ ಮೊಮ್ಮಕ್ಕಳು ಮರಿಮಕ್ಕಳು ಇವರು, ಆಮೇಲೆ ಇಲ್ಲಿಗೆ ಬಂದಿದ್ದಾರೆ. ರೊಟ್ಟಿ ಜೊತೆ ಉದ್ದುದ್ದ ಅಲಸಂದಿ ಕಾಯಿ ಪಲ್ಯ ತಿನ್ನುತ್ತಾರೆ. ಅಂಗಡಿಯ ಅಜ್ಜಿಗೆ ನಾನು ಕನ್ನಡದವನು ಅಂದರೆ ಅರ್ಥ ಆಗಲ್ಲ, ಆದರೆ ಕೊತ್ತಂಬರಿ ಕಟ್ಟನ್ನು ನಿನ್ನ ಹಾಗೇ ಮೂಸಿ ನೋಡಿ ಕೊಡುತ್ತಾರೆ. ಅಲ್ಲಿ ಮಂಡಕ್ಕಿ ಸಿಕ್ಕಿತು. ನಮ್ಮ ದಾವಣಗೆರೆ ಮಂಡಕ್ಕಿಯ ಗಟ್ಟಿತನ, ಉಪ್ಪು ಇಲ್ಲ, ಬರೀ ಗಾಳಿ. ಇರಲಿ.

ಆವತ್ತು ಸ್ಟೂಲ್ ಹಾಕಿ ಚಿಕ್ಕವನನ್ನ ಕಟ್ಟೆ ಪಕ್ಕ ನಿಲ್ಲಿಸಿದೆ. ಕೆಲಸ ಕೊಟ್ಟೆ. ಪಾತ್ರೆಗೆ ಮಂಡಕ್ಕಿ ಸುರಿ, ಪುಟಾಣಿ ಹಿಟ್ಟು ಉದುರಿಸು, ನಿಂಬೆಹಣ್ಣು ಹಿಂಡು, ಎರಡೂ ಕೈ ಹಾಕಿ ಕಲಸು. ದೊಡ್ಡವಳು ಟೊಮೆಟೊ ಹೆಚ್ಚಿದಳು, ಬೆಕ್ಕಿನ ಪಾದದ ಹಾಗೆ ಬೆರಳು ಒಳಗೆ ಮಡಚಿಕೊಂಡು. ಇಲ್ಲಿ ಮಕ್ಕಳಿಗೆ ಚಾಕು ಹಿಡಿಯೋದು ಹಾಗೇ ಹೇಳಿಕೊಡುತ್ತಾರೆ, ಬೆಕ್ಕಿನ ಉಗುರು ಒಳಗಿದ್ದರೆ ಕೊಯ್ಯಲ್ಲ ಅಂತ. ಒಗ್ಗರಣೆ ಮಾತ್ರ ನನ್ನದು. ಅರ್ಧ ಮಂಡಕ್ಕಿ ನೆಲದ ಮೇಲೆ, ಒಂದಿಷ್ಟು ಅವನ ಅಂಗಿಯೊಳಗೆ. ಆದರೆ ಕಲಸುತ್ತಾ ಕಲಸುತ್ತಾ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಯಾರೂ ತಿನ್ನು ಅಂದಿರಲಿಲ್ಲ. ಇನ್ನೊಂದು ಹಿಡಿ. ತನ್ನ ಅಕ್ಕನಿಗೆ ಇದು ನಾನು ಮಾಡಿದ್ದು ಅಂತ ಹೇಳಿದ. ನಾನು ಆ ಕಡೆ ತಿರುಗಿ ಪಾತ್ರೆ ತೊಳೆಯುವ ಹಾಗೆ ನಟಿಸಿದೆ, ನೋಡ್ತಾ ಇದ್ದೀನಿ ಅಂತ ಗೊತ್ತಾದರೆ ನಿಲ್ಲಿಸಿಬಿಡುತ್ತಾನೆ.

ಒಂದು ವಿಷಯ, ಅಕ್ಕ ಓದುತ್ತಿದ್ದರೆ ಇದನ್ನ ಎರಡು ಸಲ ಓದಲಿ. ಚಿಕ್ಕವನಿಗೆ ಇನ್ನೂ ನಾಲ್ಕು ವರ್ಷ. ಇಡೀ ಶೇಂಗಾ ಕೊಡಬೇಡಿ. ಚಳ್ಳಕೆರೆ ಶೇಂಗಾ ಎಷ್ಟೇ ಚೆನ್ನಾಗಿರಲಿ, ಆ ವಯಸ್ಸಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಂಡರೆ ಕಷ್ಟ. ಪುಡಿ ಮಾಡಿ ಕೊಡಿ, ಚಟ್ನಿಪುಡಿ ಅನ್ನ ಕಲಸಿ ಕೊಡಿ, ತಿನ್ನುತ್ತಾನೆ. ದೊಡ್ಡವಳ ತರಗತಿಯಲ್ಲಿ ಒಂದು ಮಗುವಿಗೆ ಶೇಂಗಾ ಅಲರ್ಜಿ, ಅದಕ್ಕೆ ಅವಳ ಡಬ್ಬಿಗೂ ಹಾಕುವಂತಿಲ್ಲ, ಹೋದ ಸಲ ನೀನು ಕಳಿಸಿದ ಶೇಂಗಾ ಉಂಡೆ ಪೂರ್ತಿ ನಾನೇ ತಿಂದೆ. ಬೇಜಾರೇನೂ ಆಗಲಿಲ್ಲ.

ಮಂಡಕ್ಕಿ ಗೆದ್ದ ಮೇಲೆ ಧೈರ್ಯ ಬಂತು, ಬೆಣ್ಣೆ ದೋಸೆಗೆ ಕೈ ಹಾಕಿದೆವು. ನೀನು ಹೇಳಿದ ಅಳತೆಯೇ, ಮೂರು ಬಟ್ಟಲು ಅಕ್ಕಿ, ಒಂದು ಉದ್ದಿನಬೇಳೆ, ಒಂದು ಮಂಡಕ್ಕಿ, ಒಂದು ಚಮಚ ಮೆಂತ್ಯ. ರುಬ್ಬಿದ್ದಾಯ್ತು. ಹಿಟ್ಟು ಉಬ್ಬಲೇ ಇಲ್ಲ! ಅಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆ ಪಾತ್ರೆ ಮುಚ್ಚಳ ಎತ್ತಿರುತ್ತದೆ. ಇಲ್ಲಿ ಚಳಿಗಾಲದಲ್ಲಿ ಮನೆಯೊಳಗೇ 19 ಡಿಗ್ರಿ, ಎರಡು ದಿನ ಇಟ್ಟರೂ ಹಿಟ್ಟು ಸಪ್ಪೆ ಮುಖ ಮಾಡಿಕೊಂಡು ಕೂತಿತ್ತು. ಹಿಟ್ಟನ್ನು ಹುಳಿ ಮಾಡುವ ಸೂಕ್ಷ್ಮಜೀವಿಗಳು ಬೇಳೆ ಅಕ್ಕಿಯಲ್ಲೇ ಇರುತ್ತವೆ, ಅವಕ್ಕೆ ಬೆಚ್ಚಗೆ ಬೇಕು ಅಷ್ಟೇ, 30 ಡಿಗ್ರಿ ಹತ್ರ ಇದ್ದರೆ ಖುಷಿಯಾಗಿ ಕೆಲಸ ಮಾಡುತ್ತವೆ. ಅದಕ್ಕೆ ಈಗ ಓವನ್ ಹಚ್ಚದೆ ಅದರ ಒಳಗಿನ ದೀಪ ಮಾತ್ರ ಹಚ್ಚಿ ಹಿಟ್ಟಿಡುತ್ತೇವೆ. ದೊಡ್ಡವಳು ಗಾಜಿನ ಭರಣಿಗೆ ಹಿಟ್ಟು ಎಷ್ಟಿದೆಯೋ ಅಲ್ಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕುತ್ತಾಳೆ, ಬೆಳಗ್ಗೆ ಎದ್ದ ತಕ್ಷಣ ಎಷ್ಟು ಬೆರಳು ಮೇಲೆ ಬಂದಿದೆ ಅಂತ ಅಳೆಯುತ್ತಾಳೆ. ಶಾಲೆಗೆ ತಡ ಆಗೋದು ಅದರಿಂದಲೇ.

ಒಂದು ಸಲ ಏನಾಯ್ತು ಅಂದರೆ, ಒಳಗೆ ಹಿಟ್ಟಿದೆ ಅಂತ ಗೊತ್ತಿಲ್ಲದೆ ಇವಳು ಪಿಜ್ಜಾಗೆ ಅಂತ ಓವನ್ ಬಿಸಿ ಮಾಡಿಬಿಟ್ಟಳು. ಭರಣಿ ಒಡೆಯಲಿಲ್ಲ ಪುಣ್ಯ. ಹಿಟ್ಟು ಮಾತ್ರ ಇಡ್ಲಿಯೂ ಅಲ್ಲದ ಇಟ್ಟಿಗೆಯೂ ಅಲ್ಲದ ಏನೋ ಒಂದಾಗಿತ್ತು. ದೊಡ್ಡವಳು ಅತ್ತಳು. ಈಗ ಓವನ್ ಬಾಗಿಲಿಗೆ ಅವಳೇ ಒಂದು ಚೀಟಿ ಅಂಟಿಸಿದ್ದಾಳೆ, ಕನ್ನಡದಲ್ಲಿ: "ಹಿಟು ಮಲಗಿದೆ". ಒತ್ತಕ್ಷರ ಇಲ್ಲ. ತಿದ್ದೋಣ ಅಂತ ಪೆನ್ನು ಹಿಡಿದವನು ಹಾಗೇ ಬಿಟ್ಟೆ.

ಬೆಣ್ಣೆ ಇಲ್ಲಿ ಹಳದಿ. ನಮ್ಮಜ್ಜಿ ಮನೆ ಬೆಣ್ಣೆ ಬೆಳ್ಳಗಿರುತ್ತೆ ಅಲ್ವಾ, ಇದಕ್ಯಾಕೆ ಬಣ್ಣ ಅಂತ ದೊಡ್ಡವಳು ಕೇಳಿದಳು. ಹಸುವಿನ ಹಾಲಿಗೆ ಹುಲ್ಲಿನ ಹಳದಿ ಬರುತ್ತೆ, ಎಮ್ಮೆ ಆ ಹಳದಿಯನ್ನ ತನ್ನ ಮೈಯಲ್ಲೇ ಎ ವಿಟಮಿನ್ ಮಾಡಿಬಿಡುತ್ತೆ, ಅದಕ್ಕೆ ಎಮ್ಮೆ ಬೆಣ್ಣೆ ಬಿಳಿ ಅಂದೆ. ಹಾಗಾದರೆ ಎಮ್ಮೆ ನೋಡಬೇಕು ಅಂದಳು. ಇಲ್ಲಿ ರಸ್ತೆ ಪಕ್ಕ ನೂರು ಹಸು ಕಾಣುತ್ತವೆ, ಒಂದು ಎಮ್ಮೆ ಸಿಗಲ್ಲ. ಆದರೆ ಮಜ್ಜಿಗೆ ಸಿಗುತ್ತೆ! ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ, ಇಲ್ಲಿನ ಮುದುಕರು ಲೋಟಗಟ್ಟಲೆ ಕುಡಿಯುತ್ತಾರೆ. ನಾವು ಅದಕ್ಕೆ ಶುಂಠಿ ಕೊತ್ತಂಬರಿ ಹಾಕಿ ಕದಡಿ ಪಕ್ಕದ ಮನೆ ಅಜ್ಜನಿಗೆ ಕೊಟ್ಟೆವು. ಒಂದು ಗುಟುಕು ಕುಡಿದು ಲೋಟವನ್ನೇ ನೋಡುತ್ತಾ ನಿಂತರು. ಮುಂದಿನ ಬುಧವಾರ ತಾವೇ ಖಾಲಿ ಲೋಟ ಹಿಡಿದು ಬಂದರು.

ಪಡ್ಡು ಕಥೆ ಹೇಳದಿದ್ದರೆ ಈ ಪತ್ರಕ್ಕೆ ಅರ್ಥ ಇಲ್ಲ. ಇವರದೂ ಒಂದು ಕಬ್ಬಿಣದ ಹೆಂಚಿದೆ ಅವ್ವಾ, ನಮ್ಮ ಪಡ್ಡಿನ ಹೆಂಚಿನ ತಮ್ಮನ ಹಾಗಿದೆ, ತುಂಬಾ ಗುಳಿಗಳು, ಆದರೆ ಆಳ ಕಡಿಮೆ. ಅದರಲ್ಲಿ ಪೊಫರ್ಚೆಸ್ ಅಂತ ಪುಟ್ಟ ಪುಟ್ಟ ಸಿಹಿ ದೋಸೆ ಮಾಡಿ, ಬೆಣ್ಣೆ ಇಟ್ಟು, ಸಕ್ಕರೆ ಪುಡಿ ಉದುರಿಸಿ ತಿನ್ನುತ್ತಾರೆ. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅದು ಕಣ್ಣಿಗೆ ಬಿದ್ದಾಗ ನಾನು ಜಾತ್ರೆಯಲ್ಲಿ ಕಳೆದುಹೋದ ನೆಂಟರು ಸಿಕ್ಕ ಹಾಗೆ ಎತ್ತಿಕೊಂಡೆ. ಈರುಳ್ಳಿ, ಕರಿಬೇವು, ಸ್ವಲ್ಪವೇ ಮೆಣಸಿನಕಾಯಿ ಹಾಕಿ ಪಡ್ಡು ಹುಯ್ದೆವು. ಉಂಡೆ ಆಗಲಿಲ್ಲ, ಆಳ ಇಲ್ಲವಲ್ಲ, ನಾಣ್ಯದ ಹಾಗೆ ಚಪ್ಪಟೆ ಬಂತು. ಆದರೆ ಗರಿಗರಿ! ಇಲ್ಲಿಯವರು ಫೋರ್ಕಿನಲ್ಲಿ ಟಕ್ ಅಂತ ತಿರುಗಿಸುತ್ತಾರೆ, ದೊಡ್ಡವಳು ಅದನ್ನ ಕಲಿತುಬಿಟ್ಟಿದ್ದಾಳೆ, ನನಗಿಂತ ಚೆನ್ನಾಗಿ. ಚಿಕ್ಕವನು ಪಡ್ಡಿನ ಮೇಲೆ ಸಕ್ಕರೆ ಪುಡಿ ಉದುರಿಸಿಕೊಂಡು ತಿಂದ. ಈರುಳ್ಳಿ ಪಡ್ಡಿಗೆ. ನೀನು ಎದೆ ಹಿಡಿದುಕೊಳ್ಳಬೇಡ, ಎಂಟು ತಿಂದ.

ಮಂಡಕ್ಕಿ ಇದ್ದ ಮೇಲೆ ಮೆಣಸಿನಕಾಯಿ ಬೇಡವಾ? ಅದಕ್ಕೊಂದು ಉಪಾಯ ಮಾಡಿದ್ದೇನೆ. ಇಲ್ಲಿ ಉದ್ದನೆಯ ಕೆಂಪು ಸಿಹಿ ಮೆಣಸಿನಕಾಯಿ ಸಿಗುತ್ತೆ, ಚೂರೂ ಖಾರ ಇಲ್ಲ. ಅದನ್ನು ಸೀಳಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಮಕ್ಕಳೂ ಮಿರ್ಚಿ ತಿಂದೆ ಅಂತ ಮೀಸೆ ತಿರುವಬಹುದು. ಹಿಟ್ಟು ಕಲಸೋದು ಅವರು, ಬಾಣಲೆ ಹತ್ರ ನಾನೊಬ್ಬನೇ, ನೆಲಕ್ಕೆ ಟೇಪ್ ಅಂಟಿಸಿ ಗೆರೆ ಮಾಡಿದ್ದೇನೆ, ಎಣ್ಣೆ ಕಾಯುವಾಗ ಗೆರೆ ದಾಟಿದರೆ ಬಜ್ಜಿ ಇಲ್ಲ. ನಮಗೆ ಅಂತ ಇಟ್ಟಿದ್ದ ಖಾರದ್ದನ್ನು ಚಿಕ್ಕವನು ಒಂದು ದಿನ ಮುಟ್ಟಿ ತುಟಿ ಒರೆಸಿಕೊಂಡ, ಮನೆ ಹಾರಿಹೋಗುವ ಹಾಗೆ ಕೂಗಿದ. ನೀರು ಹಾಕಿದಷ್ಟೂ ಉರಿ ಹೋಗಲ್ಲ, ಖಾರ ನೀರಿಗೆ ಕರಗಲ್ಲ. ತಣ್ಣನೆ ಹಾಲು ಕುಡಿಸಿದೆ, ಕೈಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ ತೊಳೆದೆ. ಎಣ್ಣೆ ಐಡಿಯಾ ನಿನ್ನದೇ, ನೀನು ಹಲಸಿನ ಹಣ್ಣು ಬಿಡಿಸುವಾಗ ಮಾಡುತ್ತಿದ್ದೆಯಲ್ಲ.

ಇನ್ನು ಹೊಗೆ ಗಂಟೆ. 2022ರ ಜುಲೈ 1ರಿಂದ ಇಲ್ಲಿ ಪ್ರತಿ ಮನೆಯ ಪ್ರತಿ ಮಹಡಿಗೂ ಅದು ಕಡ್ಡಾಯ. ಬೆಂಕಿ ಬಿದ್ದರೆ ಕೂಗಲಿ ಅಂತ ಹಾಕಿರೋದು, ನಮ್ಮ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆಗೇ ಕೂಗುತ್ತೆ. ಅದು ಕೂಗಿದ ತಕ್ಷಣ ಚಿಕ್ಕವನು ಟವೆಲ್ ಹಿಡಿದು ಕೆಳಗೆ ನಿಂತು ಬೀಸುತ್ತಾನೆ. ಅದೂ ಅವನ ಕೆಲಸ. ಊಟ ರೆಡಿ ಅಂತ ಅಕ್ಕಪಕ್ಕದವರಿಗೆ ಅದರಿಂದಲೇ ಗೊತ್ತಾಗುತ್ತೆ ಅಂತ ಇವಳ ತಮಾಷೆ.

ಆರು ಗಂಟೆಗೆ ನಾಲ್ಕೂ ಜನ ಒಟ್ಟಿಗೆ ಕೂರುತ್ತೇವೆ. ನಮ್ಮನೆಯಲ್ಲಿ ಅಪ್ಪಾಜಿ ಮೊದಲು, ಆಮೇಲೆ ನಾವು, ನೀನೂ ಅಜ್ಜಿಯೂ ಕೊನೆಗೆ, ತಳದಲ್ಲಿ ಉಳಿದಿದ್ದು. ಆಗ ನನಗೆ ಅದು ಏನೂ ಅನ್ನಿಸಿರಲಿಲ್ಲ. ಈಗ ಇವಳು ಬಾಗಿಲು ತೆಗೆದು ಒಳಗೆ ಬಂದು, ಕೋಟು ಬಿಚ್ಚುವ ಮೊದಲೇ ಬಿಸಿ ದೋಸೆ ಬಾಯಿಗೆ ಹಾಕಿಕೊಳ್ಳುವಾಗ ಅನ್ನಿಸುತ್ತದೆ. ನೀನು ಬಿಸಿ ದೋಸೆ ತಿಂದಿದ್ದು ನಾನು ಯಾವತ್ತೂ ನೋಡಿಲ್ಲ ಅವ್ವಾ.

ಈಗ ವಿಷಯಕ್ಕೆ ಬರುತ್ತೇನೆ. ಜುಲೈ ಆಗಸ್ಟಿನಲ್ಲಿ ಇವರಿಗೆ ಆರು ವಾರ ರಜ, ಪಂಚಮಿಗೆ ಅಲ್ಲೇ ಇರುತ್ತೇವೆ. ಮಂಡಕ್ಕಿ ಭಟ್ಟಿ ತೋರಿಸಬೇಕು, ಕಾದ ಮರಳಿನಲ್ಲಿ ಅಕ್ಕಿ ಅರಳೋದನ್ನ ಇಬ್ಬರಿಗೂ ಹೇಳಿಟ್ಟಿದ್ದೇನೆ, ಸುಳ್ಳು ಅನ್ನುತ್ತಿದ್ದಾರೆ. ಎಮ್ಮೆಯನ್ನೂ ತೋರಿಸಬೇಕು. ಆದರೆ ಮುಖ್ಯವಾಗಿ ನಿನ್ನ ಅಡುಗೆಮನೆ. ಎಳ್ಳುಂಡೆ, ತಂಬಿಟ್ಟು ಕಟ್ಟುವಾಗ ಇಬ್ಬರನ್ನೂ ಕೂರಿಸಿಕೋ. ಉಂಡೆ ಸೊಟ್ಟ ಬರುತ್ತೆ, ಬೆಲ್ಲ ನೆಲಕ್ಕೆ ಅಂಟುತ್ತೆ, ಇರುವೆ ಬರುತ್ತೆ. ಬರಲಿ, ಒರೆಸೋದು ನಾನು. ಚಿಕ್ಕವನನ್ನ ಗಂಡುಹುಡುಗ ಅಂತ ಹೊರಗೆ ಕಳಿಸಬೇಡ, ಅವನಿಗೆ ಅದು ಅರ್ಥವೇ ಆಗಲ್ಲ, ಅಪ್ಪ ಅಂದರೆ ಅಡುಗೆ ಮಾಡುವವನು ಅಂದುಕೊಂಡಿದ್ದಾನೆ. ಅತ್ತೆ, ದೊಡ್ಡಮ್ಮ ಯಾರಾದರೂ ನಕ್ಕರೆ ನಗಲಿ. ಒಂದು ದಿನ ದೋಸೆ ನಾವು ಮೂವರು ಹುಯ್ಯುತ್ತೇವೆ, ನೀನು ಮೊದಲು ಕೂರಬೇಕು, ಅಪ್ಪಾಜಿಗಿಂತ ಮೊದಲು. ಅವರಿಗೆ ನಾನು ಹೇಳುತ್ತೇನೆ.

ವಾಪಸ್ ಬರುವಾಗ ತುಪ್ಪ ಕಟ್ಟಬೇಡ. ಹೊರಗಿನ ದೇಶದ ಹಾಲಿನ ಪದಾರ್ಥ ಯುರೋಪಿನೊಳಗೆ ಬಿಡುವುದಿಲ್ಲ. ಚಟ್ನಿಪುಡಿ ಎಷ್ಟಾದರೂ ಕಟ್ಟು. ಮತ್ತೆ ಅಜ್ಜಿಯ ಪಡ್ಡಿನ ಹೆಂಚು ಅಟ್ಟದ ಮೇಲೆ ಸುಮ್ನೆ ಬಿದ್ದಿದೆಯಲ್ಲ, ಅದನ್ನ ನನಗೆ ಕೊಡು. ಅಕ್ಕ ಕೇಳಿದರೆ ಅವಳಿಗೆ ರೊಟ್ಟಿ ಹೆಂಚು ಆಗಲೇ ಹೋಗಿದೆ ಅಂತ ಹೇಳು.

ಚಿಕ್ಕವನು ಪಕ್ಕದಲ್ಲೇ ನಿಂತು ಅಜ್ಜಿ ಮನೇಲಿ ಸ್ಟೂಲ್ ಇದೆಯಾ ಅಂತ ಕೇಳುತ್ತಿದ್ದಾನೆ. ಸ್ಟೂಲ್ ಇಲ್ಲ, ಮಣೆ ಇದೆ ಅಂದೆ. ಮಣೆ ಎಷ್ಟು ಎತ್ತರ ಅಂತ ಕೇಳಿದ, ಕೈಯಲ್ಲಿ ತೋರಿಸಿದೆ. ಸಾಲಲ್ಲ ಅಂದ. ಹೆಂಚು ಇಳಿಸುವಾಗ ಎರಡು ಮಣೆನೂ ಇಳಿಸಿಡು, ಒಂದರ ಮೇಲೊಂದು ಇಡೋಣ.

ನಿನ್ನ ಮಗ