ಪ್ಲೇಆಫ್ ಸೀಟು ಆಡಿಯೇ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್‌ಗೆ 12 ತಂಡ ಸಾಲದು, 16 ಬೇಕು, 24 ಬೇಕು ಎಂಬ ಚರ್ಚೆಯನ್ನು ನಿಮ್ಮ ಕ್ರೀಡಾ ಪುಟದಲ್ಲಿ ಓದಿದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ಟರ್ ಆಗಿದ್ದ ನನಗೆ ಸುಮ್ಮನಿರಲು ಆಗಲಿಲ್ಲ.

2024ರ ಡಿಸೆಂಬರ್‌ನಲ್ಲಿ ನಾನು ಅಮೆರಿಕದ ಕೊಲಂಬಸ್ ನಗರದಲ್ಲಿ ಮಗನ ಮನೆಯಲ್ಲಿದ್ದೆ. ಅಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೈದಾನದಲ್ಲೇ ಟೆನೆಸಿ ವಿರುದ್ಧ ಪ್ಲೇಆಫ್ ಪಂದ್ಯ. ನೀರು ಹೆಪ್ಪುಗಟ್ಟುವ ಚಳಿ. ಆದರೂ ಒಂದು ಲಕ್ಷಕ್ಕೂ ಜಾಸ್ತಿ ಜನ. ಇದು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ ಆಟ. ಓಡುವವನನ್ನು ಹಿಡಿದು ಬೀಳಿಸುವುದು ನೋಡಿದರೆ ಕಬಡ್ಡಿ ಗೊತ್ತಿದ್ದವರಿಗೆ ಬೇಗ ರುಚಿ ಹತ್ತುತ್ತದೆ. ಆ ಪಂದ್ಯಕ್ಕೆ ಮೂರು ವಾರ ಮೊದಲು ಅದೇ ಮೈದಾನದಲ್ಲಿ ಒಹಾಯೊ ಸ್ಟೇಟ್ ಮಿಷಿಗನ್‌ಗೆ 13-10ರಿಂದ ಸೋತಿತ್ತು. ನಾಲ್ಕೇ ತಂಡಗಳ ಹಳೇ ಪದ್ಧತಿ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಸಲ 12 ತಂಡ ಇದ್ದುದರಿಂದ ಎಂಟನೇ ಸೀಟು ಸಿಕ್ಕಿತು. ಟೆನೆಸಿಯನ್ನು 42-17ರಿಂದ ಸೋಲಿಸಿ, ಜನವರಿಯಲ್ಲಿ ಚಾಂಪಿಯನ್ ಆಯಿತು.

2023ರಲ್ಲಿ, ನಾಲ್ಕೇ ತಂಡಗಳಿದ್ದಾಗ, ಫ್ಲೋರಿಡಾ ಸ್ಟೇಟ್ 13 ಪಂದ್ಯ ಆಡಿ 13ನ್ನೂ ಗೆದ್ದಿತ್ತು. ಮುಖ್ಯ ಆಟಗಾರನಿಗೆ ಗಾಯವಾಗಿದೆ ಎಂದು ಆಯ್ಕೆ ಸಮಿತಿ ಅದನ್ನು ಹೊರಗಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾಕ್ಕೆ ಜಾಗ ಕೊಟ್ಟಿತು. ಅದನ್ನು ಓದಿದಾಗ ನನ್ನ ಹುಡುಗರೇ ಕಣ್ಣಿಗೆ ಬಂದರು. ಒಂದು ವರ್ಷ ನಮ್ಮ ಕಬಡ್ಡಿ ತಂಡ ವಲಯದ ಎಲ್ಲ ಮ್ಯಾಚ್ ಗೆದ್ದಿತ್ತು. ಮುಂದಿನ ಸುತ್ತಿನ ಪಟ್ಟಿ ಬಂದಾಗ ಅದರಲ್ಲಿ ಪೇಟೆಯ ದೊಡ್ಡ ಕಾಲೇಜುಗಳ ಹೆಸರು ಮಾತ್ರ ಇತ್ತು. ಮಲ್ಪೆಯ ಮೀನುಗಾರರ ಮನೆಯ ಹುಡುಗ ನಮ್ಮ ಕ್ಯಾಪ್ಟನ್. "ಸರ್, ನಾವು ಸೋತದ್ದೆಲ್ಲಿ?" ಎಂದು ಕೇಳಿದ. ಅವನಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಆದ್ದರಿಂದ 12 ತಂಡ ಆದಾಗ ಖುಷಿಪಟ್ಟವನು ನಾನು. 16 ಆದರೂ ಬೇಡ ಅನ್ನುವುದಿಲ್ಲ. ಆದರೆ ಬಿಗ್ ಟೆನ್, ಎಸ್‌ಇಸಿ ಎಂಬ ಕಾಲೇಜು ತಂಡಗಳ ಎರಡು ದೊಡ್ಡ ಕೂಟಗಳಿಗೆ ತಲಾ ನಾಲ್ಕು ಸೀಟು ಮೊದಲೇ ಕಾದಿರಿಸುವ ಯೋಜನೆಯೂ ಚರ್ಚೆಗೆ ಬಂದಿತ್ತು. ಇದು ಖಂಡಿತ ತಪ್ಪು. ಕಂಬಳದಲ್ಲಿ ಯಾವ ಮನೆಯ ಕೋಣ ಅಂತ ನೋಡಿ ಬಹುಮಾನ ಕೊಡುತ್ತೇವಾ? ಓಟ ಮುಗಿಯುವ ಮಂಜೊಟ್ಟಿಯನ್ನು ಮೊದಲು ಮುಟ್ಟಿದ ಜೋಡಿಗೆ ಕೊಡುತ್ತೇವೆ, ಅಲ್ವಾ?

2025ರ ಸೀಸನ್‌ನಲ್ಲಿ ಸಣ್ಣ ಕೂಟಗಳಿಂದ ಬಂದ ಟುಲೇನ್, ಜೇಮ್ಸ್ ಮ್ಯಾಡಿಸನ್ ತಂಡಗಳು ಮೊದಲ ಸುತ್ತಿನಲ್ಲೇ ಸೋತವು. ಸಣ್ಣವರಿಗೆ ಜಾಗ ಯಾಕೆ ಅಂತ ಕೆಲವರು ಕೇಳುತ್ತಾರೆ. ಜೇಮ್ಸ್ ಮ್ಯಾಡಿಸನ್ ಸೋತರೂ ಒರೆಗಾನ್‌ನ ಮೈದಾನಕ್ಕೇ ಹೋಗಿ 34 ಅಂಕ ತಂದಿತು! ಅದೇ ವರ್ಷ ಹತ್ತನೇ ಸೀಟಿನ ಮಯಾಮಿ ಫೈನಲ್ ಮುಟ್ಟಿತು. ಕಪ್ ಎತ್ತಿದ್ದು ಇಂಡಿಯಾನಾ. ವರ್ಷಗಟ್ಟಲೆ ಸೋಲಿಗೇ ಹೆಸರಾಗಿದ್ದ ತಂಡ ಅದು. 16ಕ್ಕೆ 16 ಗೆದ್ದಿತು.

ನಮ್ಮ ಅಂತರಕಾಲೇಜು ಪಂದ್ಯಗಳನ್ನು ನಡೆಸುವವರಿಗೂ ಒಂದು ಮಾತು. ಮುಂದಿನ ಸುತ್ತಿಗೆ ಯಾರು, ಹೇಗೆ ಹೋಗುತ್ತಾರೆ ಎಂಬುದನ್ನು ಮೊದಲ ವಿಸಿಲ್ ಊದುವ ಮುಂಚೆಯೇ ಬರೆದು, ಮೈದಾನದ ಗೇಟಿನಲ್ಲಿ ಅಂಟಿಸಿ.

- ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಉಡುಪಿ