ಮೂರನೇ ತರಗತಿಯ ಪೋಷಕರಿಗೆ: ನೋಟ್‌ಬುಕ್ ವಿಚಾರ

ಪ್ರಿಯ ಪೋಷಕರೇ,

ಕಳೆದ ಶನಿವಾರದ ಸಭೆಯಲ್ಲಿ ಮಾತು ಸ್ವಲ್ಪ ಜೋರಾಯಿತು. ಅದಕ್ಕೆ ನನಗೆ ಬೇಜಾರಿಲ್ಲ. ಮಕ್ಕಳ ಓದಿನ ಬಗ್ಗೆ ಬಾಯಿ ಬಿಡದ ಪೋಷಕರಿಗಿಂತ ದನಿ ಏರಿಸುವವರೇ ವಾಸಿ. ಆದರೆ ಆ ಗದ್ದಲದಲ್ಲಿ ನಾನು ಹೇಳಬೇಕಾದ್ದು ಅರ್ಧಕ್ಕೇ ನಿಂತಿತು. ಅದಕ್ಕೇ ಈ ಪತ್ರ.

ನಿಮ್ಮ ದೂರು ನನಗೆ ಅರ್ಥವಾದಂತೆ ಇಷ್ಟು. ಎರಡನೇ ತರಗತಿಯವರೆಗೆ ನೋಟ್‌ಬುಕ್ ತುಂಬಿರುತ್ತಿತ್ತು, ಮೂರಕ್ಕೆ ಬಂದ ಮೇಲೆ ಅರ್ಧ ಖಾಲಿ. ದಿನಕ್ಕೆ ಎರಡೋ ಮೂರೋ ಲೆಕ್ಕ, ಅಷ್ಟೇ. ಪ್ರಶ್ನೋತ್ತರ ಬರೆಸುವುದಿಲ್ಲ. ಮಗು ತಪ್ಪು ಬರೆದಿದ್ದರೂ ಅದು ಹಾಗೇ ಇರುತ್ತದೆ, ಪಕ್ಕದಲ್ಲಿ ಕೆಂಪು ಇಂಕಿನ ಒಂದು ಚುಕ್ಕಿ ಮಾತ್ರ. "ಹಾಗಾದರೆ ಟೀಚರ್ ಕ್ಲಾಸಿನಲ್ಲಿ ಏನು ಮಾಡ್ತಾರೆ?" ಎಂದು ಒಬ್ಬರು ನೇರವಾಗಿಯೇ ಕೇಳಿದರು.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಈ ಬದಲಾವಣೆಯನ್ನು ವರ್ಷದ ಶುರುವಿನಲ್ಲೇ ನಿಮಗೆ ತಿಳಿಸಬೇಕಿತ್ತು. ನಾನು ತಿಳಿಸಲಿಲ್ಲ. ಚುಕ್ಕಿ ಎಂದರೆ "ಇದನ್ನು ಇನ್ನೊಮ್ಮೆ ನೋಡು" ಎಂದು ಮಕ್ಕಳಿಗೆಲ್ಲ ಗೊತ್ತು, ನಿಮಗೆ ಯಾರೂ ಹೇಳಲೇ ಇಲ್ಲ. ಎರಡು ನೋಟ್‌ಬುಕ್‌ಗಳಲ್ಲಿ ತಪ್ಪು ಉತ್ತರಕ್ಕೆ ಸರಿ ಗುರುತು ಬಿದ್ದಿದ್ದನ್ನೂ ನೋಡಿದೆ. ಅದಕ್ಕೆ ಸಮಜಾಯಿಷಿ ಇಲ್ಲ. ಟೀಚರ್ ಜೊತೆ ಮಾತಾಡಿದ್ದೇನೆ.

ಇನ್ನು ಉಳಿದ ವಿಚಾರ. ಒಂದು ಲೆಕ್ಕದ ಪುಸ್ತಕ ನನ್ನ ಮೇಜಿನ ಮೇಲಿದೆ. ಆ ಹುಡುಗನ ಅಮ್ಮನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಲೆಕ್ಕ 302ರಲ್ಲಿ 147 ಕಳೆಯುವುದು. ಅವನು ಬರೆದ ಉತ್ತರ 245. ಸುಮ್ನೆ ಏನೋ ಗೀಚಿದ್ದಾನೆ ಅನಿಸುತ್ತದೆ, ಅಲ್ವಾ? ಹಾಗಲ್ಲ. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದ. ಸೊನ್ನೆಯಲ್ಲಿ ನಾಲ್ಕು ಹೋಗುವುದಿಲ್ಲ, ನಾಲ್ಕರಲ್ಲೇ ಸೊನ್ನೆ ಕಳೆದ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದೆವು, ಅದನ್ನೇ ಅವನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಟೀಚರ್ ಒಂದು ಚುಕ್ಕಿ ಇಟ್ಟು ಕಳಿಸಿದರು.

ಮನೆಯಲ್ಲಿ ಯಾರೋ 245 ಅಳಿಸಿ, ಚೆಂದದ ಅಕ್ಷರದಲ್ಲಿ 155 ಬರೆದರು. ಪ್ರೀತಿಯಿಂದಲೇ ಬರೆದಿರುತ್ತಾರೆ. ಮಾರನೇ ದಿನ ಟೀಚರ್ ನೋಡಿದರು, ಸರಿಯಾಗಿದೆ ಎಂದು ಮುಂದೆ ಹೋದರು. ಮುಂದಿನ ವಾರ 504ರಲ್ಲಿ 268 ಕಳೆಯಲು ಕೊಟ್ಟಾಗ ಅವನ ಉತ್ತರ 364. ಬರಬೇಕಾದ್ದು 236. ಅದೇ ತಪ್ಪು, ಅದೇ ದಾರಿಯಲ್ಲಿ. ನಡುವಿನ ಒಂದು ವಾರ ಹೋದದ್ದು ಆ ರಬ್ಬರಿನಿಂದ.

ಆಮೇಲೆ ಕ್ಲಾಸಿನಲ್ಲಿ ಏನಾಯಿತು ಎಂದು ಹೇಳುತ್ತೇನೆ, ಏಕೆಂದರೆ ಟೀಚರ್ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಇದೇ ಉತ್ತರ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅದು ಒಂದು ಕಟ್ಟು. ಹತ್ತು ಕಟ್ಟು ಸೇರಿಸಿ ಕಟ್ಟಿದರೆ ನೂರರ ಹೊರೆ. 302 ಎಂದರೆ ಮೂರು ಹೊರೆ, ಎರಡು ಬಿಡಿ ಕಡ್ಡಿ. ಕಟ್ಟು ಒಂದೂ ಇಲ್ಲ. ಇದರಿಂದ ಏಳು ಬಿಡಿ ಕಡ್ಡಿ ಕೊಡು ಎಂದರೆ ಮಗು ಸುಮಾರು ಹೊತ್ತು ಹಾಗೇ ಕೂರುತ್ತದೆ. ನೋಡುತ್ತಿರುವವರಿಗೆ ಚಡಪಡಿಕೆಯಾಗುತ್ತದೆ, ಹೇಳಿಕೊಟ್ಟುಬಿಡೋಣ ಅನಿಸುತ್ತದೆ. ಟೀಚರ್ ಹೇಳುವುದಿಲ್ಲ. ಕೊನೆಗೆ ಒಂದು ಮಗು ಹೊರೆ ಬಿಚ್ಚುತ್ತದೆ, ಹತ್ತು ಕಟ್ಟು ಸಿಗುತ್ತವೆ. ಅದರಲ್ಲಿ ಒಂದನ್ನು ಬಿಚ್ಚಿದರೆ ಎರಡು ಹೊರೆ, ಒಂಬತ್ತು ಕಟ್ಟು, ಹನ್ನೆರಡು ಬಿಡಿ. ಇಷ್ಟಾದ ಮೇಲೆ ಕಳೆಯುವುದು ಏನೂ ಅಲ್ಲ. ಬೋರ್ಡಿನ ಮೇಲೆ ನಾವು ಸೊನ್ನೆ ಹೊಡೆದು ಮೇಲೆ ಒಂಬತ್ತು ಬರೆಯುತ್ತೇವಲ್ಲ, ಆ ಒಂಬತ್ತು ಎಲ್ಲಿಂದ ಬಂತು ಎನ್ನುವುದು ಅವತ್ತು ಆ ಮಗುವಿನ ಕೈಗೆ ಗೊತ್ತಾಗುತ್ತದೆ. ನನಗೆ ಅದು ಗೊತ್ತಾದದ್ದು ಟೀಚರ್ ಆದ ಮೇಲೆ, ನಿಜ ಹೇಳಬೇಕೆಂದರೆ.

ಇದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದು ಲೆಕ್ಕ. ಪುಟ ಎಣಿಸಿದರೆ ನಷ್ಟವೇ.

ಮಗ್ಗಿ ಬಾಯಿಪಾಠ ನಿಲ್ಲಿಸಿದ್ದೀರಂತೆ ಎಂಬ ಸುದ್ದಿ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿದೆ. ನಿಲ್ಲಿಸಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ನಿಲ್ಲಿಸಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಹತ್ತರವರೆಗಿನ ಮಗ್ಗಿ ನಾಲಿಗೆಯ ತುದಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಭಾಗಾಕಾರದಲ್ಲಿ ಒದ್ದಾಡುತ್ತಾರೆ. ಕಲಿಸುವ ಕ್ರಮ ಮಾತ್ರ ಬೇರೆ. ರಾಗವಾಗಿ ಕಲಿತ ಮಗುವನ್ನು ಏಳೆಂಟಲೆ ಎಷ್ಟು ಎಂದು ನಡುವಿನಿಂದ ಕೇಳಿ ನೋಡಿ. ಏಳೊಂದಲೆ ಏಳರಿಂದ ಹೊರಟು ಎಲ್ಲ ಸ್ಟಾಪಿನಲ್ಲೂ ನಿಂತು ಬರುತ್ತದೆ. ನಮ್ಮ ಮಕ್ಕಳು ಐದೆಂಟಲೆ ನಲವತ್ತು, ಎರಡೆಂಟಲೆ ಹದಿನಾರು, ಎರಡೂ ಸೇರಿ ಐವತ್ತಾರು ಎಂದು ಕಟ್ಟುತ್ತಾರೆ. ಮೊದಮೊದಲು ನಿಧಾನ. ನಾಲ್ಕಾರು ಸಲ ಕಟ್ಟಿದ ಮೇಲೆ ಬಾಯಿಗೆ ತಾನೇ ಬರುತ್ತದೆ.

ಹತ್ತು ಮಗ್ಗಿಯಲ್ಲಿ ನೂರು ಉತ್ತರಗಳಿವೆ ಎಂದು ಮಕ್ಕಳು ಹೆದರುತ್ತಾರೆ. ಏಳೆಂಟೂ ಎಂಟೇಳೂ ಒಂದೇ ಎಂದು ತಿಳಿದರೆ ಉಳಿಯುವುದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಬೇಗ ಬರುತ್ತವೆ, ಅವನ್ನು ತೆಗೆದರೆ 21. ಒಂಬತ್ತರ ಮಗ್ಗಿಯಲ್ಲಿ 18, 27, 36 ಹೀಗೆ ಅಂಕಿಗಳ ಮೊತ್ತ ಯಾವಾಗಲೂ ಒಂಬತ್ತೇ. ಆ ಗುಟ್ಟು ಸಿಕ್ಕಿದರೆ ಉಳಿಯುವುದು ಬರೀ 15. ಇದನ್ನು ಬೋರ್ಡಿನ ಮೇಲೆ ಒಂದೊಂದಾಗಿ ಹೊಡೆದುಹಾಕಿದ ದಿನ ತರಗತಿಯಲ್ಲಿ ಆದ ಕೂಗಾಟ ನನ್ನ ಕೋಣೆಯವರೆಗೂ ಕೇಳಿಸಿತು.

ಮೂರನೇ ತರಗತಿ ಸ್ವಲ್ಪ ಕಷ್ಟದ ವರ್ಷ, ಅದನ್ನು ಒಪ್ಪುತ್ತೇನೆ. ಇಲ್ಲಿಯವರೆಗೆ ಅಕ್ಷರ ಕೂಡಿಸಿ ಓದುವುದನ್ನು ಕಲಿತರು. ಇನ್ನು ಮೇಲೆ ಓದಿ ವಿಷಯ ಕಲಿಯಬೇಕು. ಲೆಕ್ಕವೂ ಈಗ ಮಾತಿನಲ್ಲೇ ಬರುತ್ತದೆ. ಇದನ್ನು ಮನೆಯಲ್ಲಿ ಕೇಳಿ: ಒಬ್ಬ ಹುಡುಗನ ಹತ್ತಿರ 24 ಪೆನ್ಸಿಲ್ ಇವೆ. ಅವನ ತಂಗಿಯ ಹತ್ತಿರ ಇರುವುದಕ್ಕಿಂತ ಇದು 6 ಜಾಸ್ತಿ. ತಂಗಿಯ ಹತ್ತಿರ ಎಷ್ಟಿವೆ? ತುಂಬಾ ಮಕ್ಕಳು 30 ಎನ್ನುತ್ತಾರೆ. "ಜಾಸ್ತಿ" ಎಂಬ ಪದ ಕಂಡ ಕೂಡಲೇ ಕೂಡಿಬಿಡುತ್ತಾರೆ. ಇದು ಕೂಡುವುದು ಬರದೆ ಆದ ತಪ್ಪಲ್ಲ, ಓದಿದ್ದು ತಲೆಗೆ ಹೋಗದೆ ಆದದ್ದು. ಇಂಥ ಲೆಕ್ಕ ಇಪ್ಪತ್ತು ಕೊಟ್ಟರೆ ಇಪ್ಪತ್ತು ಸಲ ಕೂಡುತ್ತಾರೆ. ಒಂದನ್ನು ಕೊಟ್ಟು, ಚಿತ್ರ ಬರೆಸಿ, ಯಾರ ಹತ್ತಿರ ಜಾಸ್ತಿ ಇದೆ ಎಂದು ಮಾತಾಡಿಸಿದರೆ ಎಷ್ಟೋ ಮಕ್ಕಳು 18ಕ್ಕೆ ತಾವೇ ಬರುತ್ತಾರೆ.

ಇನ್ನು ಪ್ರಶ್ನೋತ್ತರ. ಇದರ ಬಗ್ಗೆ ನಿಮಗೆ ತುಂಬಾ ಸಿಟ್ಟಿದೆ, ಗೊತ್ತು. ಹೋದ ವರ್ಷ "ಗಿಡಕ್ಕೆ ಬೇರು ಏಕೆ ಬೇಕು?" ಎಂಬ ಪ್ರಶ್ನೆಗೆ ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: ಬೇರು ಮಣ್ಣಿನಿಂದ ನೀರು ಮತ್ತು ಲವಣಗಳನ್ನು ಹೀರಿಕೊಳ್ಳುತ್ತದೆ. ಒಂದು ಕಾಗುಣಿತವೂ ತಪ್ಪಿಲ್ಲ. ಲವಣ ಅಂದರೆ ಏನು ಎಂದು ನಾನು ಕೇಳಿದೆ. ಯಾರೂ ಮಾತಾಡಲಿಲ್ಲ. ಈ ವರ್ಷ ಒಂದು ಹುಡುಗಿ ಬರೆದದ್ದು ಹೀಗಿದೆ: "ಬೇರು ಇಲ್ಲದಿದ್ದರೆ ಗಿಡ ಗಾಳಿಗೆ ಬಿದೋಗುತ್ತೆ." ಬೇರಿನ ಅರ್ಧ ಕೆಲಸವನ್ನು ಅವಳು ತಾನೇ ಕಂಡುಕೊಂಡಿದ್ದಾಳೆ. ಉಳಿದರ್ಧವನ್ನು ಟೀಚರ್ ಮಾರನೇ ದಿನ ಒಂದು ಗಿಡ ಕಿತ್ತು ತೋರಿಸಿ ಸೇರಿಸಿದರು. ಲವಣ ಎಂಬ ಪದವನ್ನೂ ಕಲಿಸಿದರು. ಪರೀಕ್ಷೆಯಲ್ಲಿ ಅದನ್ನೂ ಕೇಳುತ್ತೇವೆ, ಆ ಭಯ ಬೇಡ.

ಕಾಗುಣಿತದ ತಪ್ಪು ಹಾಗೇ ಬಿಡುತ್ತೀರಿ ಎನ್ನುವವರಿಗೆ: ಬಿಡುವುದಿಲ್ಲ. ಎಲ್ಲವನ್ನೂ ಒಂದೇ ದಿನ ತಿದ್ದುವುದಿಲ್ಲ, ಅಷ್ಟೇ. ಮಗು ಬರೆದ ನಾಲ್ಕು ಸಾಲಿನಲ್ಲಿ ಹನ್ನೆರಡು ಕೆಂಪು ಗೀಟು ಕಂಡರೆ ಮರುದಿನ ಅದು ಎರಡೇ ಸಾಲು ಬರೆಯುತ್ತದೆ, ಗೊತ್ತಿರುವ ಪದಗಳಲ್ಲೇ. ಅದಕ್ಕೆ ವಾರಕ್ಕೊಂದು ವಿಷಯ ಹಿಡಿಯುತ್ತೇವೆ. ಒಂದು ವಾರ ಒತ್ತಕ್ಷರ, ಬೆಕ್ಕು ಬರೆಯಲು ಹೋಗಿ ಬೆಕು ಬರೆಯುವವರಿಗೆ. ಇನ್ನೊಂದು ವಾರ ಅರ್ಕಾವೊತ್ತು. ಸೂರ್ಯ ಸೂಯ್ರ ಆಗುವುದರಲ್ಲಿ ಮಗುವಿನ ತಪ್ಪು ಕಡಿಮೆಯೇ. ರಕಾರವನ್ನು ಮೊದಲು ಉಚ್ಚರಿಸಿ ಆಮೇಲೆ ಬರೆಯಬೇಕು ಎಂದರೆ ಎಂಟು ವರ್ಷದ ಮಗುವಿಗೆ ವಿಚಿತ್ರ ಅನಿಸುವುದಿಲ್ಲವೇ? ಉಕ್ತಲೇಖನ ಪ್ರತಿ ಶುಕ್ರವಾರ ಮೊದಲಿನಂತೆಯೇ ನಡೆಯುತ್ತಿದೆ.

ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆದು ನಕಲು ಮಾಡಿಸುವುದಕ್ಕೆ ನಾವು ಮರಳುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ನಿಮ್ಮ ಆತಂಕ ಸುಳ್ಳು ಎಂದು ನಾನು ಹೇಳುತ್ತಿಲ್ಲ. ತುಂಬಿದ ನೋಟ್‌ಬುಕ್ ನೋಡಿದರೆ ಮನಸ್ಸಿಗೆ ಸಮಾಧಾನ, ನನಗೂ ಹಾಗೇ ಆಗುತ್ತದೆ. ಕೆಲಸ ಮುಗಿಸಿ ದಣಿದು ಬಂದವರಿಗೆ ಮಗುವಿನ ಓದು ಕಾಣುವುದು ಆ ಪುಟಗಳಲ್ಲಿ ತಾನೇ. ತಪ್ಪು ಕಂಡಾಗ ಕೈ ತಾನಾಗಿ ರಬ್ಬರಿನ ಕಡೆ ಹೋಗುತ್ತದೆ, ಅದೂ ಗೊತ್ತು. ನನ್ನ ಮಗಳ ಪುಸ್ತಕದಲ್ಲಿ ನಾನೇ ಎಷ್ಟು ಸಲ ಅಳಿಸಿ ಬರೆದಿದ್ದೇನೋ ಲೆಕ್ಕವಿಲ್ಲ. ಅವಳ ಟೀಚರ್ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಿಮ್ಮಿಂದ ಬೇಕಾದ್ದು ಒಂದೇ: ಮಗು ಬರೆದ ತಪ್ಪನ್ನು ಮನೆಯಲ್ಲಿ ಅಳಿಸಬೇಡಿ.

"ಇದು ಹೇಗೆ ಬಂತು, ನನಗೂ ಹೇಳು" ಎಂದು ಕೇಳಬಹುದು. ಹೇಳುತ್ತಾ ಹೇಳುತ್ತಾ ಅವರಿಗೇ ತಪ್ಪು ಸಿಕ್ಕರೆ ಅವರೇ ಕೆಳಗೆ ಹೊಸದಾಗಿ ಮಾಡಲಿ. ಸಿಗದಿದ್ದರೆ ಹಾಗೇ ಕಳಿಸಿ, ಟೀಚರ್‌ಗೆ ಅದು ಬೇಕು.

ನಮ್ಮ ಕಡೆಯಿಂದ ಎರಡು ಬದಲಾವಣೆ. ಸೋಮವಾರದಿಂದ ಪ್ರತಿ ಚುಕ್ಕಿಯ ಪಕ್ಕ ಟೀಚರ್ ತಾರೀಕು ಹಾಕುತ್ತಾರೆ, ಆ ತಪ್ಪು ಸರಿಹೋದ ದಿನ ಚುಕ್ಕಿಯ ಸುತ್ತ ಒಂದು ಸುತ್ತು ಬರುತ್ತದೆ. ಮತ್ತೆ, ಬುಧವಾರ ಎರಡನೇ ಪೀರಿಯಡ್‌ಗೆ ಇಬ್ಬರು ಪೋಷಕರು ಹಿಂದಿನ ಬೆಂಚಿನಲ್ಲಿ ಕೂತು ಗಣಿತದ ಪಾಠ ನೋಡಬಹುದು. ಹೆಸರನ್ನು ಡೈರಿಯಲ್ಲಿ ಬರೆದು ಕಳಿಸಿ. ಬೆಂಚು ಚಿಕ್ಕದು, ಮೊಣಕಾಲು ತಾಗುತ್ತದೆ, ಮೊದಲೇ ಹೇಳಿರುತ್ತೇನೆ. ತಾರೀಕು ಹಾಕಿ ಎರಡು ವಾರವಾದರೂ ಸುತ್ತು ಬೀಳದ ಚುಕ್ಕಿ ಕಂಡರೆ ಆ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕುವ ಬದಲು ನೇರ ನನ್ನ ಹತ್ತಿರ ತನ್ನಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ